ಬಿಸಿಲೂರಿನ ಚಳಿಗಾಲದಲ್ಲಿ ಕವಿತೆಗೆ ಒಂದು ಗಳಿಗೆ

ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ನಗೆಮಾತು ಹಳೆಯದು. ಬೇರೆ ಜಿಲ್ಲೆಗಳಿಂದ ವರ್ಗವಾಗಿ ಬಂದ ನೌಕರರು ಅದನ್ನು ಹೇಳಿ ನಗುತ್ತಾರೆ. ಊರಿನವರೂ ಬೇಸರಿಸದೆ ಜೊತೆಗೂಡಿ ನಗುತ್ತಾರೆ. ಆದರೆ ಆ ಮಾತಿನಲ್ಲಿರುವುದು ಅರ್ಧ ಸತ್ಯ ಮಾತ್ರ. ಕಾರ್ತಿಕ ಹುಣ್ಣಿಮೆಯಿಂದ ಮಹಾಶಿವರಾತ್ರಿಯವರೆಗಿನ ಸುಮಾರು ನೂರು ದಿನಗಳಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆ ಬೇರೆಯೇ ಮುಖ ತೋರುತ್ತದೆ. ಬಂಡೆಗಳು ರಾತ್ರಿಯಿಡೀ ಕಾವು ಉಗುಳುವುದನ್ನು ನಿಲ್ಲಿಸುತ್ತವೆ. ಮಧ್ಯಾಹ್ನ ಬಾಗಿಲು ಮುಚ್ಚಿ ಮಲಗಬೇಕಾದ ಅಗತ್ಯ ಬೀಳುವುದಿಲ್ಲ. ಪುಸ್ತಕ ಹಿಡಿದ ಕೈ ಬೆವರುವುದಿಲ್ಲ. ಓದುವುದಕ್ಕೂ ಬರೆಯುವುದಕ್ಕೂ ದೇಹ ತಾನಾಗಿ ಒಪ್ಪಿಕೊಳ್ಳುವ ಕಾಲ ಈ ಸೀಮೆಯಲ್ಲಿ ಇದೊಂದೇ. ತೊಡಕೆಂದರೆ, ಇಲ್ಲಿನ ಜನಕ್ಕೆ ಮೈಮುರಿಯುವಷ್ಟು ಕೆಲಸ ಬೀಳುವುದೂ ಇದೇ ನೂರು ದಿನಗಳಲ್ಲಿ.

ಚಳಿಗಾಲವೆಂದರೆ ಓದಿನ ಕಾಲ ಎಂಬ ಕಲ್ಪನೆ ನಮ್ಮಲ್ಲಿ ಬಹುಮಟ್ಟಿಗೆ ಪುಸ್ತಕಗಳ ಮೂಲಕ ಬಂದದ್ದು. ಹಿಮ ಬೀಳುವ ದೇಶಗಳಲ್ಲಿ ಕತ್ತಲೆಯೇ ಮನುಷ್ಯನನ್ನು ಮನೆಯೊಳಗೆ ಕೂರಿಸುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಡಿಸೆಂಬರ್ ಕೊನೆಯ ಹಗಲು ಆರು ಗಂಟೆಯಷ್ಟು ಮಾತ್ರ. ಬಳ್ಳಾರಿಯ ಲೆಕ್ಕ ಹಾಗಿಲ್ಲ. ಇಲ್ಲಿ ವರ್ಷದ ಅತಿ ಕಿರಿಯ ಹಗಲು ಕೂಡ ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಜೂನ್ ತಿಂಗಳ ಅತಿ ಹಿರಿಯ ಹಗಲು ಹದಿಮೂರು ಗಂಟೆಯಷ್ಟಿರುತ್ತದೆ. ಎರಡಕ್ಕೂ ಇರುವ ಅಂತರ ಎರಡು ಗಂಟೆಯೂ ಇಲ್ಲ. ಆದ್ದರಿಂದ ನಮ್ಮ ಚಳಿಗಾಲ ಓದುಗನಿಗೆ ಕೊಡುವುದು ಹೆಚ್ಚಿನ ರಾತ್ರಿಯನ್ನಲ್ಲ, ಸೆಕೆಯಿಂದ ಬಿಡುಗಡೆಯನ್ನು. ಇನ್ನೊಂದು ಸಣ್ಣ ಸಂಗತಿಯನ್ನು ಬೆಳಗಿನ ಜಾವ ಏಳುವವರು ಗಮನಿಸಿರಬಹುದು. ಹಗಲು ಅತಿ ಕಿರಿದಾಗುವುದು ಡಿಸೆಂಬರ್ 21ರ ಸುಮಾರಿಗಾದರೂ, ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಮೂರನೆಯ ವಾರದಲ್ಲಿ, ಹೆಚ್ಚುಕಡಿಮೆ 6.50ಕ್ಕೆ. ಅಂದರೆ ಸಂಕ್ರಾಂತಿ ಕಳೆದ ಮೇಲೂ ಕೆಲವು ದಿನ ಬೆಳಗಿನ ಕತ್ತಲೆ ನಮ್ಮ ಪಾಲಿಗೆ ಉಳಿದಿರುತ್ತದೆ. ಈ ಕತ್ತಲೆಯ ಮಾತು ಮುಂದೆ ಬರಲಿದೆ.

ಮೊದಲು ಕೆಲಸದ ಮಾತು. ತುಂಗಭದ್ರೆಯ ದಡದ ಸಿರುಗುಪ್ಪ ಭತ್ತದ ನಾಡು. ಮುಂಗಾರಿನಲ್ಲಿ ನಾಟಿಯಾದ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಕಟಾವು ಯಂತ್ರಗಳು ಹಗಲು ರಾತ್ರಿಯೆನ್ನದೆ ಗದ್ದೆಗಿಳಿಯುತ್ತವೆ; ರಸ್ತೆಯ ಅಂಚಿನುದ್ದಕ್ಕೂ ಭತ್ತ ಒಣಗುತ್ತದೆ; ರಾಶಿ ಕಾಯಲು ಮನೆಗೊಬ್ಬರು ಹೊರಗೆ ಮಲಗುತ್ತಾರೆ. ಕಾಲುವೆಯಲ್ಲಿ ನೀರು ಸಿಗುವ ವರ್ಷವಾದರೆ ಜನವರಿಯಲ್ಲಿ ಎರಡನೆಯ ಬೆಳೆಯ ನಾಟಿ ಆರಂಭವಾಗುತ್ತದೆ. ಕುರುಗೋಡು ಭಾಗದಲ್ಲಿ ಮೆಣಸಿನಕಾಯಿ ಕೆಂಪೇರುವ ಕಾಲವೂ ಇದೇ. ಬಿಡಿಸುವುದು, ಕಣಕ್ಕೆ ಸಾಗಿಸುವುದು, ಹರವುವುದು, ಮಗುಚುವುದು, ಸಂಜೆಯಾಗುತ್ತಲೇ ಇಬ್ಬನಿಗೆ ಅಂಜಿ ತಾಡಪತ್ರಿ ಹೊದಿಸುವುದು ಎಂದು ಫೆಬ್ರುವರಿ ದಾಟುವವರೆಗೂ ಕೆಲಸ ಮುಗಿಯುವುದಿಲ್ಲ. ಕಪ್ಪುಮಣ್ಣಿನ ಹೊಲಗಳಲ್ಲಿ ಹತ್ತಿ ಬಿಡಿಸುವವರ ಸಾಲು ಬೇರೆ. ನಗರದೊಳಗೆ ಜೀನ್ಸ್ ಹೊಲಿಯುವ ಘಟಕಗಳಲ್ಲಿ ತುಣುಕಿನ ಲೆಕ್ಕಕ್ಕೆ ಕೂಲಿ. ಅಲ್ಲಿ ಋತುವಿನ ಗಣನೆಯೇ ಇಲ್ಲ. ಇಂಥ ಜನಕ್ಕೆ ‘ಚಳಿಗಾಲದ ಬಿಡುವಿನಲ್ಲಿ ಕವಿತೆ ಓದಿ’ ಎಂದು ಬರೆಯುವ ಲೇಖಕ ನಗೆಪಾಟಲಾಗುತ್ತಾನೆ.

ಬಿಡುವಿನಲ್ಲೂ ಎರಡು ಬಗೆಯಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯ ಅಂಚಿನ ಮನೆಗಳಲ್ಲಿ ಎಷ್ಟು ಕಳವಳವಿತ್ತೆಂಬುದನ್ನು ಕಂಡವರೆಲ್ಲ ಬಲ್ಲರು. ನೀರಿಲ್ಲದೆ ಎರಡನೆಯ ಬೆಳೆ ತಪ್ಪಿದ ಚಳಿಗಾಲದಲ್ಲಿ ಗದ್ದೆ ಮೌನವಾಗಿರುತ್ತದೆ, ಕೈಗೆ ಕೆಲಸವಿರುವುದಿಲ್ಲ, ಹೊತ್ತು ಬೇಕಾದಷ್ಟಿರುತ್ತದೆ. ಆ ಮೌನವನ್ನು ಯಾವ ಕವಿಯೂ ಬಯಸಲಾರ. ನಾವು ಹುಡುಕಬೇಕಾದದ್ದು ಕೆಲಸದ ನಡುವಿನ ಬಿಡುವನ್ನು, ಕೆಲಸವಿಲ್ಲದ ಬಿಡುವನ್ನಲ್ಲ.

ಹಳೆಯ ಕಾಲದ ಹಳ್ಳಿಗಳು ಕಾವ್ಯಕ್ಕೆಂದು ಬೇರೆಯೇ ತಿಂಗಳನ್ನು ಮೀಸಲಿರಿಸಿದ್ದವು. ಬಿತ್ತನೆ ಮುಗಿದು, ಪೈರು ತಾನಾಗಿ ಬೆಳೆಯುವ ಶ್ರಾವಣದಲ್ಲಿ ಗುಡಿಯಲ್ಲಿ, ಮಠದಲ್ಲಿ ಪುರಾಣ ಹಚ್ಚುವುದು ಉತ್ತರ ಕರ್ನಾಟಕದ ವಾಡಿಕೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕುಳಿತು ಕೇಳುವುದು. ಈ ಏರ್ಪಾಡು ಮಳೆಯನ್ನೇ ನಂಬಿದ ಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡಿತ್ತು. 1950ರ ದಶಕದಲ್ಲಿ ತುಂಗಭದ್ರೆಯ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪದಂಥ ಕಡೆ ಶ್ರಾವಣವೆಂದರೆ ನಾಟಿಯ ಭರಾಟೆಯ ಕಾಲವಾಯಿತು. ಪುರಾಣಗಳು ಈಗಲೂ ನಡೆಯುತ್ತವೆ, ಆದರೆ ಪಂಚಾಂಗ ಕೊಟ್ಟಿದ್ದ ಬಿಡುವು ಅದರ ಬೆನ್ನಿಗಿಲ್ಲ. ನೀರಾವರಿಯ ಲಾಭನಷ್ಟಗಳನ್ನು ಬರೆದವರು ಬಹಳ ಮಂದಿ; ಅದು ಜನರ ಕೇಳುವ ಹೊತ್ತನ್ನು ಹೇಗೆ ಸ್ಥಳಾಂತರಿಸಿತೆಂಬುದನ್ನು ಬರೆದವರು ವಿರಳ.

ಸಭೆಯ ಕಾವ್ಯ ಶ್ರಾವಣದ್ದಾದರೆ, ಒಂಟಿಯಾಗಿ ಹುಟ್ಟುವ ಕಾವ್ಯಕ್ಕೆ ಬೆಳಗಿನ ಜಾವವೇ ನಮ್ಮ ನಾಡಿನ ಹಳೆಯ ವೇಳೆ. ಇದಕ್ಕೆ ಸಾಕ್ಷಿ ಬೀಸುವ ಕಲ್ಲು. ಜೋಳದ ರೊಟ್ಟಿಯ ಸೀಮೆಯಲ್ಲಿ ಅಂದಂದಿನ ಹಿಟ್ಟನ್ನು ಅಂದಂದೇ ಬೀಸಿಕೊಳ್ಳಬೇಕಿತ್ತು. ಕೋಳಿ ಕೂಗುವ ಮೊದಲೇ ಹೆಣ್ಣುಮಕ್ಕಳು ಎದ್ದು, ಒಬ್ಬರೇ ಅಥವಾ ಇಬ್ಬರು ಎದುರುಬದುರಾಗಿ ಕಲ್ಲಿನ ಮುಂದೆ ಕುಳಿತು, ಗೂಟ ಹಿಡಿದು ತಿರುಗಿಸುತ್ತ ಹಾಡುತ್ತಿದ್ದರು. ಗಂಡಸರು, ಮಕ್ಕಳು ನಿದ್ದೆಯಲ್ಲಿರುವ ಆ ಒಂದೆರಡು ತಾಸುಗಳಲ್ಲಿ ಅವರಿಗೆ ಅಪ್ಪಣೆ ಕೊಡುವವರು ಯಾರೂ ಇರಲಿಲ್ಲ. ತವರಿನ ನೆನಪು, ಅಣ್ಣತಮ್ಮಂದಿರ ಹಾರೈಕೆ, ಅತ್ತೆಯ ಮನೆಯ ಬಿಕ್ಕಟ್ಟು, ದೇವರೊಡನೆ ಜಗಳ ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಅಡಕವಾದವು. ಕಲ್ಲು ಒಂದು ಸುತ್ತು ತಿರುಗುವ ವೇಗವೇ ಛಂದಸ್ಸಿಗೆ ಆಧಾರವಾಯಿತು. ಕಾಗದವಿಲ್ಲದೆ, ಬೆಳಕಿಲ್ಲದೆ, ಕೈಗೆ ಬಿಡುವಿಲ್ಲದೆ ಹುಟ್ಟಿದ ಕಾವ್ಯ ಅದು. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದಾಗ, ಓದುಬರಹ ಬಲ್ಲ ಕನ್ನಡಿಗರು ತಮ್ಮ ತಾಯಂದಿರು ಕವಿಗಳೆಂಬುದನ್ನು ಪುಸ್ತಕದಿಂದ ತಿಳಿಯಬೇಕಾಯಿತು.

ಊರೂರಿಗೆ ಹಿಟ್ಟಿನ ಗಿರಣಿ ಬಂದು ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಅದಕ್ಕಾಗಿ ಹಳಹಳಿಸುವುದು ಬೀಸುವ ಕಲ್ಲನ್ನು ಒಮ್ಮೆಯೂ ತಿರುಗಿಸದವರ ಚಪಲ. ಆದರೆ ಬೀಸುವ ಕೆಲಸ ಹೋದಾಗ ಆ ತಾಸುಗಳೇನೂ ಬಿಡುವಾಗಿ ಉಳಿಯಲಿಲ್ಲ. ಬೇರೆ ಕೆಲಸಗಳು ಅವನ್ನು ನುಂಗಿದವು. ಇಂದು ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಗಳು ಬೆಳಕು ಹರಿಯುವ ಮೊದಲು ನೀರು ತುಂಬಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮಕ್ಕಳನ್ನು ಎಬ್ಬಿಸಿ, ಆಟೊ ಬರುವ ಹೊತ್ತಿಗೆ ರಸ್ತೆಗೆ ಬಂದು ನಿಲ್ಲಬೇಕು. ಕೆಲಸ ಮೊದಲಿನಂತೆಯೇ ಇದೆ, ಹಾಡಿಗೆ ಒಗ್ಗುವ ಲಯ ಮಾತ್ರ ಅದರಲ್ಲಿಲ್ಲ. ಚಳಿಗಾಲದ ಮೌನದ ಬಗೆಗೆ ಮಾತನಾಡುವ ಯಾರೇ ಆಗಲಿ, ಆ ಮೌನವನ್ನು ಮನೆಯಲ್ಲಿ ಯಾರು ದುಡಿದು ಒದಗಿಸುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳಬೇಕು. ಬೆಳಗಿನ ಆರು ಗಂಟೆಗೆ ಗಂಡಸು ಶಾಲು ಹೊದ್ದು ಕವಿತೆ ಬರೆಯುವ ಮನೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬರು ಒಲೆಯ ಮುಂದಿರುತ್ತಾರೆ. ವಾರದಲ್ಲಿ ಎರಡು ದಿನ ಈ ಸ್ಥಾನ ಅದಲುಬದಲಾದರೆ ಜಿಲ್ಲೆಯ ಕವಿಗಳ ಸಂಖ್ಯೆ ಹೆಚ್ಚುವುದರಲ್ಲಿ ಸಂದೇಹವಿಲ್ಲ.

ಬೆಳಗಿನ ಕತ್ತಲೆಯನ್ನು ಕಾವ್ಯಕ್ಕೆ ಕಟ್ಟಿಕೊಟ್ಟ ಇನ್ನೊಂದು ಏರ್ಪಾಡು ಧನುರ್ಮಾಸದ್ದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಸೂರ್ಯೋದಯಕ್ಕೆ ಮೊದಲೇ ಪೂಜೆ, ಹುಗ್ಗಿಯ ನೈವೇದ್ಯ. ಶ್ರೀವೈಷ್ಣವ ದೇವಾಲಯಗಳಲ್ಲಿ ಆಂಡಾಳ್ ರಚಿಸಿದ ‘ತಿರುಪ್ಪಾವೈ’ಯ ಪಾಶುರಗಳನ್ನು ದಿನಕ್ಕೊಂದರಂತೆ ವಿವರಿಸುವ ಪದ್ಧತಿಯಿದೆ, ಇರುವುದು ಮೂವತ್ತೇ ಪಾಶುರ. ಭಕ್ತಿಯ ಮಾತು ಹಾಗಿರಲಿ, ಓದಿನ ಕ್ರಮವಾಗಿ ಇದನ್ನು ನೋಡಿದರೆ ಇದರ ಜಾಣ್ಮೆ ಕಾಣುತ್ತದೆ. ದಿನಕ್ಕೆ ಒಂದೇ ಪದ್ಯ, ನಿಗದಿಯಾದ ವೇಳೆ, ನಿಗದಿಯಾದ ಜಾಗ, ಕೊನೆಯ ದಿನ ಮೊದಲೇ ಗೊತ್ತು. ಓದುವ ಅಭ್ಯಾಸ ತಪ್ಪಿಹೋದವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಪಾಶುರದ ಜಾಗದಲ್ಲಿ ವಚನವನ್ನೋ, ಸರ್ವಜ್ಞನ ತ್ರಿಪದಿಯನ್ನೋ, ಹೊಸಗನ್ನಡದ ಭಾವಗೀತೆಯನ್ನೋ ಇಟ್ಟುಕೊಳ್ಳಬಹುದು. ಮೂವತ್ತು ದಿನಕ್ಕೆ ಮೂವತ್ತು ಕವಿತೆ ಕಡಿಮೆಯಲ್ಲ. ವರ್ಷಕ್ಕೆ ಮೂವತ್ತು ಕವಿತೆಗಳನ್ನು ನಿಜವಾಗಿ ಓದಿದ ಅಧ್ಯಾಪಕರು ಎಷ್ಟಿದ್ದಾರೆಂದು ಎಣಿಸಹೊರಟರೆ ಸಂಕೋಚವಾದೀತು.

ಕುರುಗೋಡಿನ ಕಡೆಯ ಹೊಲಗಳಲ್ಲಿ ಇದಕ್ಕೆ ತದ್ವಿರುದ್ಧವಾದ ವೇಳೆಯೊಂದಿದೆ. ಅದು ಕಣ ಕಾಯುವ ರಾತ್ರಿ. ಒಣಗಿದ ಮೆಣಸಿನಕಾಯಿ ಬೆಲೆಯುಳ್ಳದ್ದು. ಬ್ಯಾಡಗಿಯ ಮಾರುಕಟ್ಟೆಗೆ ಸಾಗುವವರೆಗೆ ಅದರ ಬಳಿ ಯಾರಾದರೂ ಮಲಗಲೇಬೇಕು. ಎಂಟು ಗಂಟೆಗೆ ಊಟ ಮುಗಿದರೆ ಬೆಳಗಿನವರೆಗೆ ಹೊತ್ತೇ ಹೊತ್ತು. ಮೊದಲು ಈ ಹೊತ್ತನ್ನು ತತ್ವಪದ, ಬಯಲಾಟದ ಮಾತು, ಒಗಟು, ಕಥೆಗಳು ತುಂಬುತ್ತಿದ್ದವು. ಈಗ ಮೊಬೈಲು ತುಂಬುತ್ತದೆ. ಕಾಯುವವನಿಗೆ ಎಚ್ಚರವಿರಬೇಕು, ಆದರೆ ಕೈಗೆ ಕೆಲಸವಿಲ್ಲ ಎಂಬುದು ಕವಿತೆಗೆ ಅತ್ಯಂತ ಅನುಕೂಲವಾದ ಸ್ಥಿತಿ. ಕಾದಂಬರಿಯಲ್ಲಿ ಮುಳುಗಿದರೆ ಕಾವಲು ತಪ್ಪುತ್ತದೆ. ನಾಲ್ಕು ಸಾಲು ಓದಿ, ತಲೆಯೆತ್ತಿ ಕತ್ತಲೆಯನ್ನೊಮ್ಮೆ ನೋಡಿ, ಅವೇ ಸಾಲುಗಳನ್ನು ಮತ್ತೆ ಮನಸ್ಸಿನಲ್ಲಿ ಮಗುಚಿಹಾಕಬಹುದು. ಕಾಲುವೆಯ ಕೊನೆಯ ಭಾಗದಲ್ಲಿ ನೀರಿನ ಸರದಿಗಾಗಿ ರಾತ್ರಿ ಬದುವಿನ ಮೇಲೆ ಕುಳಿತವರ ಸ್ಥಿತಿಯೂ ಇದೇ. ಬಂಡವಾಳವೆಂದರೆ ಒಂದು ಟಾರ್ಚು, ಅಂಗಿಯ ಜೇಬಿಗೆ ಹಿಡಿಸುವ ಒಂದು ಪುಸ್ತಕ.

ನಗರದವರ ಪಾಲಿಗೆ ಚಳಿಗಾಲ ಕೊಡುವುದು ಮಧ್ಯಾಹ್ನವನ್ನು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿ ಮುಟ್ಟುವ ಊರಿನಲ್ಲಿ ಹನ್ನೆರಡರಿಂದ ನಾಲ್ಕರವರೆಗಿನ ಹೊತ್ತು ಇದ್ದೂ ಇಲ್ಲದಂತೆ. ಡಿಸೆಂಬರಿನಲ್ಲಿ ಅದೇ ಹೊತ್ತು ಮರಳಿ ಸಿಗುತ್ತದೆ. ಬಳ್ಳಾರಿ ಗುಡ್ಡದ ಬಂಡೆಯ ನೆರಳು ಕೂರಲು ಯೋಗ್ಯವಾಗುತ್ತದೆ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ, ನವಶಿಲಾಯುಗದ ಜನ ಕಲ್ಲಿನಿಂದ ಬಡಿದು ಗಂಟೆಯಂಥ ನಾದ ಹೊರಡಿಸುತ್ತಿದ್ದ ಕರಿಬಂಡೆಗಳ ನಡುವೆ, ಗಾಳಿಯ ಹೊರತು ಬೇರೆ ಸದ್ದಿರುವುದಿಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಯೂ, ಬೆಟ್ಟದ ಬುಡದ ಹಳೆಯ ದೇಗುಲಗಳೂ ಇವೆ. ಸಿರುಗುಪ್ಪದಲ್ಲಿ ಹೊಳೆಯ ದಡವಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಒಡ್ಡುವ ಮೊದಲು ಈ ಜಿಲ್ಲೆಯ ಹೆದ್ದಾರಿಗಳಲ್ಲಿ ರಾತ್ರಿಯಿಡೀ ಸಾಗುತ್ತಿದ್ದ ಅದಿರು ಲಾರಿಗಳ ಸಾಲನ್ನು ನೆನೆದವರಿಗೆ ಮೌನವೆಂಬುದು ಎಷ್ಟು ಬೆಲೆಬಾಳುತ್ತದೆಂದು ವಿವರಿಸಬೇಕಾಗಿಲ್ಲ. ಪುಸ್ತಕಕ್ಕೂ ಪರದಾಡಬೇಕಿಲ್ಲ. ನಗರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ಕನ್ನಡದ ಒಳ್ಳೆಯ ಪುಸ್ತಕಗಳನ್ನು ಹೊರತಂದ ಲೋಹಿಯಾ ಪ್ರಕಾಶನ ಇದೇ ಊರಿನದು.

ಕೆಲಸದ ನಡುವೆಯೇ ಸಾಹಿತ್ಯಕ್ಕೆ ಹೊತ್ತು ಕಂಡುಕೊಂಡವರು ಈ ಸೀಮೆಗೆ ಹೊಸಬರಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ತಾಡಯೋಲೆಗಳಿಂದ ವಚನಗಳನ್ನು ಹೆಕ್ಕಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಪ್ರಕಟಿಸಿದವರು. ನಟ ಬಳ್ಳಾರಿ ರಾಘವರೂ ವಕೀಲರೇ. ಜೋಳದರಾಶಿ ದೊಡ್ಡನಗೌಡರು (1910–1994) ಬಳ್ಳಾರಿ ತಾಲ್ಲೂಕಿನ ಹಳ್ಳಿಯ ರೈತ ಮನೆತನದವರು. ರಂಗನಟರಾಗಿ, ಗಮಕಿಗಳಾಗಿ, ವಚನಕಾರರಾಗಿ ಬೆಳೆದರು. ನಗರದ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತಿದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಾಡಿನಲ್ಲಿ ಶಾಲಾ ಮಾಸ್ತರರಾಗಿದ್ದುಕೊಂಡೇ ಬರೆದವರು. ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತೆಂಬುದು ಎಲ್ಲರಿಗೂ ಗೊತ್ತು, ‘ದಿವಿ ಸೀಮೆಯ ಹಾಡು’ ಎಂಬ ಕವನ ಸಂಕಲನವೂ ಅವರ ಆರಂಭದ ಕೃತಿಗಳಲ್ಲಿ ಸೇರಿದೆಯೆಂಬುದು ಕೆಲವರಿಗಷ್ಟೇ ಗೊತ್ತು. ಇವರಾರೂ ಬಿಡುವಾದ ಮೇಲೆ ಬರೆಯೋಣವೆಂದು ಕಾದು ಕುಳಿತವರಲ್ಲ.

ಓದುವ ಬಗೆಯ ಕುರಿತು ಎರಡು ಮಾತು. ಕವಿತೆಯನ್ನು ಕಣ್ಣಿನಲ್ಲಿ ಓದಿದರೆ ಸಾಲದು, ಬಾಯಿಬಿಟ್ಟು ಓದಬೇಕು. ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ ಇರುವುದು 102 ಮಾತ್ರೆಗಳು. ಮೂರು, ನಾಲ್ಕು, ಮೂರು, ನಾಲ್ಕು ಎಂದು ಅದು ನಡೆಯುವ ಗತಿ ಕಿವಿಗೆ ಬಿದ್ದ ಮೇಲೆ, ಪುಟದ ಮೇಲೆ ಕಲ್ಲಿನಂತೆ ಕಂಡ ನಡುಗನ್ನಡ ಮೆತ್ತಗಾಗುತ್ತದೆ. ಓದಲು ಒಂದು ನಿಮಿಷವೂ ಬೇಡ, ಬಿಡಿಸಿಕೊಳ್ಳಲು ಒಂದು ಬೆಳಗು ಬೇಕಾದೀತು. ಆ ಬೆಳಗನ್ನು ಅದಕ್ಕೇ ಕೊಡಬೇಕು. ಮೆಚ್ಚಿದ್ದನ್ನು ಕೈಬರಹದಲ್ಲಿ ನಕಲು ಮಾಡಿಕೊಳ್ಳುವ ಹಳೆಯ ಪದ್ಧತಿ ಈಗಲೂ ಫಲ ಕೊಡುತ್ತದೆ. ಬರೆದುಕೊಂಡ ಕವಿತೆ ದಾರಿಯಲ್ಲಿ, ಬಸ್ಸಿನಲ್ಲಿ, ಹೊಲಿಗೆ ಯಂತ್ರದ ಮುಂದೆ ತಾನಾಗಿ ನೆನಪಿಗೆ ಬರುತ್ತದೆ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಇಡುವುದು ಒಳ್ಳೆಯದೆಂದು ಹೇಳುವ ಅಗತ್ಯವಿಲ್ಲ. ಎಲ್ಲರಿಗೂ ಗೊತ್ತಿದೆ, ಯಾರೂ ಇಡುವುದಿಲ್ಲ.

ಬರೆಯುವವರಿಗೆ ರೈತರ ಒಂದು ಪದ್ಧತಿ ಹೇಳಿಮಾಡಿಸಿದಂತಿದೆ. ಚಳಿಗಾಲಕ್ಕೆ ನಮ್ಮ ಭಾಷೆಯಲ್ಲಿರುವ ಇನ್ನೊಂದು ಹೆಸರು ಮಾಗಿ. ಬೆಳೆ ತೆಗೆದ ಖುಷ್ಕಿ ಹೊಲವನ್ನು ಈ ಕಾಲದಲ್ಲಿ ಉತ್ತು ಹಾಗೆಯೇ ಬಿಡುವುದಕ್ಕೆ ಮಾಗಿ ಉಳುಮೆ ಎನ್ನುತ್ತಾರೆ. ಮಣ್ಣಿನೊಳಗಿನ ಹುಳುಗಳ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ. ಹೆಂಟೆಗಳು ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ ಪುಡಿಯಾಗುತ್ತವೆ. ಬಿತ್ತುವ ಅವಸರ ಯಾರಿಗೂ ಇರುವುದಿಲ್ಲ. ಡಿಸೆಂಬರಿನಲ್ಲಿ ಬರೆದದ್ದನ್ನು ಮುಚ್ಚಿಟ್ಟು ಫೆಬ್ರುವರಿಯಲ್ಲಿ ತೆಗೆದು ನೋಡಿದರೆ, ಯಾವ ಸಾಲಿನಲ್ಲಿ ಹುಳುವಿದೆಯೆಂದು ಬರೆದವರಿಗೇ ಕಾಣುತ್ತದೆ. ನಮ್ಮ ಜಿಲ್ಲೆಯ ಸಾಹಿತ್ಯ ಜೀವನ ಇದಕ್ಕೆ ಅವಕಾಶ ಕೊಡುವುದು ಕಡಿಮೆ. ರಾಜ್ಯೋತ್ಸವದ ಕವಿಗೋಷ್ಠಿ, ಹಂಪಿ ಉತ್ಸವದ ಕವಿಗೋಷ್ಠಿ, ಸಂಕ್ರಾಂತಿಯ ಕವಿಗೋಷ್ಠಿ, ಗಣರಾಜ್ಯೋತ್ಸವದ ಕವಿಗೋಷ್ಠಿ ಎಂದು ಚಳಿಗಾಲವೆಲ್ಲ ವೇದಿಕೆಗಳಿಗೆ ಸಂದುಹೋಗುತ್ತದೆ. ಹಿಂದಿನ ರಾತ್ರಿ ಬರೆದ ಕವಿತೆಯನ್ನು ಮರುದಿನ ಓದಿ, ಶಾಲು ಹೊದೆಸಿಕೊಂಡು ಬರುವುದೇ ರೂಢಿಯಾದರೆ ಶಾಲುಗಳು ಹೆಚ್ಚುತ್ತವೆ. ಒಂದು ಚಳಿಗಾಲ ಯಾವ ಆಹ್ವಾನವನ್ನೂ ಒಪ್ಪಿಕೊಳ್ಳದೆ ಕುಳಿತು ನೋಡುವ ಧೈರ್ಯ ನಮ್ಮ ಕವಿಗಳಿಗೆ ಬರಬೇಕು.

ಇನ್ನು ಉಳಿದದ್ದು ಆಡಳಿತದ ಕಡೆಯಿಂದ ಆಗಬೇಕಾದ ಒಂದು ಸಣ್ಣ ಕೆಲಸ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಸರ್ಕಾರ ಅರಿವು ಕೇಂದ್ರಗಳೆಂದು ಹೆಸರಿಸಿ ಬಲಪಡಿಸಿದೆ. 2020ರ ನವೆಂಬರಿನಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನೂ ಆರಂಭಿಸಿತು. ಮಕ್ಕಳಿಗೆ ಸಲ್ಲಬೇಕಾದದ್ದು ಸಂದಿದೆ. ಆದರೆ ಕೂಲಿಯಿಂದ ಮರಳುವ ಹೊತ್ತಿಗೆ ಬಾಗಿಲು ಮುಚ್ಚಿರುವ ಗ್ರಂಥಾಲಯ ದುಡಿಯುವ ಓದುಗರಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜನವರಿ, ಫೆಬ್ರುವರಿ ಎರಡು ತಿಂಗಳ ಮಟ್ಟಿಗೆ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಅರಿವು ಕೇಂದ್ರಗಳನ್ನು ಸಂಜೆ ಏಳರಿಂದ ಒಂಬತ್ತರವರೆಗೆ ತೆರೆದಿಡಬಹುದು. ಕಣಗಳು ಹೆಚ್ಚಿರುವ ಹಳ್ಳಿಗಳಲ್ಲಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಇಪ್ಪತ್ತು ಪುಸ್ತಕ ತುಂಬಿ ಕಣಕ್ಕೇ ಕಳುಹಿಸಬಹುದು. ವಚನಗಳು, ಜನಪದ ತ್ರಿಪದಿಗಳು, ಹೊಸಗನ್ನಡದ ಆಯ್ದ ಕವಿತೆಗಳು ಇದ್ದರೆ ಸಾಕು. ಟಾರ್ಚಿನ ಬೆಳಕಿನಲ್ಲಿ ಓದಬೇಕಾದ್ದರಿಂದ ಅಚ್ಚಿನ ಅಕ್ಷರ ದಪ್ಪಗಿರಲಿ. ಪುಸ್ತಕಗಳ ಅಂಚು ಮೆಣಸಿನಕಾಯಿಯ ಕೆಂಪು ಹಿಡಿದು ಮರಳಿದರೆ ಗ್ರಂಥಪಾಲಕರು ದಂಡ ಹಾಕಬಾರದು.